ಮೀನಿನ ಸಾಗಾಣಿಕೆಯ ಚರಿತ್ರೆ: ಕೊಲಂಬಿಯಾ ಮತ್ತು ಸ್ನೇಕ್ ನದಿಗಳನ್ನು ಕುರಿತ ನಾಲ್ಕು ಗ್ರಂಥಗಳ ವಿಮರ್ಶೆ

೧

ಅಮೆರಿಕದ ವಾಯವ್ಯ ಪ್ರಾಂತದಲ್ಲಿ ಹರಿಯುವ ಕೊಲಂಬಿಯಾ ನದಿಯನ್ನೂ, ಅದರ ಉಪನದಿಗಳಲ್ಲಿ ಅತಿ ದೊಡ್ಡದಾದ ಸ್ನೇಕ್ ನದಿಯನ್ನೂ ಕುರಿತು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗಮನಾರ್ಹವಾದ ನಾಲ್ಕು ಚರಿತ್ರಗ್ರಂಥಗಳು ಹೊರಬಂದುವು. ಲಿಸಾ ಮಿಗೆಟೊ ಮತ್ತು ವೆಸ್ಲಿ ಎಬೆಲ್ ಅವರ 'ಸೇವಿಂಗ್ ದಿ ಸಾಲ್ಮನ್' ಎಂಬುದು ೧೯೯೪ರಲ್ಲಿಯೂ, ಕೀತ್ ಪೀಟರ್ಸನ್ ಅವರ 'ರಿವರ್ ಆಫ್ ಲೈಫ್, ಚಾನಲ್ ಆಫ್ ಡೆತ್' ಮತ್ತು ರಿಚರ್ಡ್ ವೈಟ್ ಅವರ 'ದಿ ಆರ್ಗ್ಯಾನಿಕ್ ಮೆಷೀನ್' ಎಂಬ ಎರಡು ಗ್ರಂಥಗಳು ೧೯೯೫ರಲ್ಲಿಯೂ, ಜೋಸೆಫ್ ಟೇಲರ್ ಅವರ 'ಮೇಕಿಂಗ್ ಸಾಲ್ಮನ್' ಎಂಬುದು ೧೯೯೯ರಲ್ಲಿಯೂ ಪ್ರಕಟವಾದುವು. ನಾಲ್ಕಕ್ಕೂ ಸಾಮಾನ್ಯವಾದ ವಿಷಯವೊಂದೇ: ಮನುಷ್ಯನು ಈ ನದಿಗಳಿಗೂ ಅವುಗಳಲ್ಲಿ ಏರಿ ಬರುವ ಸಾಲ್ಮನ್ ಮೀನಿಗೂ ಏನು ಮಾಡಿದನು, ಏಕೆ ಮಾಡಿದನು ಎಂಬುದು.

ಈ ಲೇಖನದಲ್ಲಿ ನಾಲ್ಕು ಗ್ರಂಥಗಳನ್ನೂ ಆದ್ಯಂತವಾಗಿ ಪರಿಶೀಲಿಸುವ ಉದ್ದೇಶವಿಲ್ಲ. ಅಣೆಕಟ್ಟಿನ ಬಳಿ ಮೀನನ್ನು ಹಿಡಿದು ಕೂಡಿಸಿ, ಲಾರಿಯಲ್ಲಿಯೋ ದೋಣಿಯಲ್ಲಿಯೋ ತುಂಬಿ, ಅಣೆಕಟ್ಟುಗಳನ್ನು ದಾಟಿಸಿ ಬಿಡುವ ಪದ್ಧತಿಯೊಂದನ್ನು ಮಾತ್ರ ಆರಿಸಿಕೊಂಡು, ಅದನ್ನು ಅರಿಯಲು ಈ ಗ್ರಂಥಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ, ಎಲ್ಲಿ ನಮ್ಮನ್ನು ಕೈಬಿಡುತ್ತವೆ ಎಂಬುದನ್ನು ವಿಚಾರಿಸಲಾಗಿದೆ. ಈ ಪದ್ಧತಿಯ ಗುಣದೋಷಗಳನ್ನು ಅರ್ಧ ಶತಮಾನದಿಂದ ಒಂದು ಅನುಪಾತದ ಮೂಲಕ ಅಳೆಯುತ್ತ ಬಂದಿದ್ದಾರೆ. ಆ ಅಳತೆಗೋಲು ಯಾವ ಸಂದರ್ಭದಲ್ಲಿ ಹುಟ್ಟಿತು, ಯಾವ ಪ್ರಶ್ನೆಯನ್ನು ಮರೆಸಿತು ಎಂಬುದನ್ನು ಕೇಳದೆ ಈ ಚರಿತ್ರೆಯನ್ನು ಬರೆಯಲಾಗದು ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾಗಿರುವ ಅಭಿಪ್ರಾಯ.

ಮೊದಲು ಮೀನಿನ ಜೀವನಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕು. ಸಾಲ್ಮನ್ ಮತ್ತು ಅದರ ಬಂಧುವಾದ ಸ್ಟೀಲ್‌ಹೆಡ್ ಟ್ರೌಟ್ ಮಲೆನಾಡಿನ ತಣ್ಣನೆಯ ತೊರೆಗಳ ಜಲ್ಲಿಯಲ್ಲಿ ಮೊಟ್ಟೆಯಿಂದ ಹೊರಬರುತ್ತವೆ. ಮರಿಗಳು ಕೆಲಕಾಲ ಸಿಹಿನೀರಿನಲ್ಲಿ ಬೆಳೆದು, ವಸಂತದಲ್ಲಿ ಹಿಮ ಕರಗಿ ಬರುವ ಪ್ರವಾಹದೊಡನೆ ಕಡಲಿಗೆ ಇಳಿಯುತ್ತವೆ. ಕಡಲಿನಲ್ಲಿ ಸಾಮಾನ್ಯವಾಗಿ ಒಂದರಿಂದ ನಾಲ್ಕು ವರ್ಷ ಕಳೆದು, ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಹಿಂದಿರುಗಿ ಮೊಟ್ಟೆಯಿಡುತ್ತವೆ. ಹುಟ್ಟೂರಿನ ನೀರಿನ ವಾಸನೆಯನ್ನು ನೆನಪಿಟ್ಟುಕೊಂಡು ಮೀನು ದಾರಿ ಕಾಣುತ್ತದೆಂಬ ವಾದವನ್ನು ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ ೧೯೫೧ರಲ್ಲಿ ಮುಂದಿಟ್ಟರು. ಅನಂತರದ ಪ್ರಯೋಗಗಳು ಅದನ್ನು ಬಹುಮಟ್ಟಿಗೆ ಸಮರ್ಥಿಸಿವೆ. ಆದುದರಿಂದ ಈ ಮೀನಿಗೆ ನದಿಯು ಎರಡು ಸಲ ಬೇಕು: ಇಳಿಯುವುದಕ್ಕೊಮ್ಮೆ, ಏರುವುದಕ್ಕೊಮ್ಮೆ. ಇಳಿಯುವಾಗ ಕಲಿತುದೇ ಏರುವಾಗ ಅದಕ್ಕೆ ದಾರಿದೀಪ. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಗಮವಾಗುವುದು.

೨

ಮೀನನ್ನು ಹೊತ್ತು ಸಾಗಿಸುವ ಕಾರ್ಯ ಕೊಲಂಬಿಯಾ ನದಿಯ ಮೇಲೆ ದೊಡ್ಡ ಪ್ರಮಾಣದಲ್ಲಿ ಆರಂಭವಾದುದು ಗ್ರಾಂಡ್ ಕೂಲಿ ಅಣೆಕಟ್ಟಿನ ಕಾಲದಲ್ಲಿ. ಅಡಿಪಾಯದಿಂದ ೫೫೦ ಅಡಿ ಎತ್ತರವಾದ ಆ ಕಟ್ಟೆಗೆ ಮೀನೇಣಿಯನ್ನು ಕಟ್ಟಲಿಲ್ಲ. ಮೇಲಣ ಸಾವಿರಕ್ಕೂ ಹೆಚ್ಚು ಮೈಲಿಗಳ ಜಲಮಾರ್ಗವನ್ನು ಸಾಲ್ಮನ್ ಶಾಶ್ವತವಾಗಿ ಕಳೆದುಕೊಳ್ಳುವುದೆಂದು ತಿಳಿದೇ ಕೆಲಸ ನಡೆಯಿತು. ಪರಿಹಾರರೂಪವಾಗಿ ೧೯೩೯ರಿಂದ ೧೯೪೩ರವರೆಗೆ, ಮೇಲಕ್ಕೆ ಹೋಗುತ್ತಿದ್ದ ಪ್ರೌಢ ಮೀನುಗಳನ್ನು ಕೆಳಗಿನ ರಾಕ್ ಐಲಂಡ್ ಅಣೆಕಟ್ಟಿನಲ್ಲಿ ತಡೆದು ಹಿಡಿದು, ನೀರು ತುಂಬಿದ ಲಾರಿಗಳಲ್ಲಿ ವೆನಾಚೀ, ಎಂಟಿಯಾಟ್, ಮೆಥೌ ಮೊದಲಾದ ಬೇರೆ ನದಿಗಳಿಗೂ ಲೆವನ್‌ವರ್ತ್ ಎಂಬಲ್ಲಿ ಹೊಸದಾಗಿ ಸ್ಥಾಪಿಸಿದ ಮತ್ಸ್ಯೋತ್ಪಾದನಾ ಕೇಂದ್ರಕ್ಕೂ ಒಯ್ದರು. ಅಂದರೆ ಮೀನನ್ನು ಅಣೆಕಟ್ಟಿನಾಚೆಗೆ ದಾಟಿಸಲಿಲ್ಲ. ಅದರ ಊರನ್ನೇ ಬದಲಾಯಿಸಿದರು. ೧೯೪೦ರ ಜೂನ್ ತಿಂಗಳಲ್ಲಿ, ಮುಳುಗಲಿದ್ದ ಕೆಟಲ್ ಜಲಪಾತದ ಬಳಿ ಸುತ್ತಣ ಬುಡಕಟ್ಟುಗಳ ಜನರು ನೆರೆದು ಕಣ್ಣೀರಿನ ಸಮಾರಂಭವೆಂದು ಹೆಸರಾದ ವಿದಾಯವನ್ನು ನಡೆಸಿದರು. ಲಾರಿಗಳು ಓಡಾಡುತ್ತಿದ್ದ ವರ್ಷಗಳಲ್ಲಿಯೇ ಇದು ನಡೆದುದೆಂಬುದು ಗಮನಾರ್ಹ.

ಎರಡನೆಯ ಘಟ್ಟ ಸ್ನೇಕ್ ನದಿಯ ನಡುಭಾಗದ ಹೆಲ್ಸ್ ಕಣಿವೆಯದು. ಅಲ್ಲಿ ಐಡಾಹೊ ಪವರ್ ಕಂಪನಿಯವರು ಬ್ರೌನ್‌ಲೀ, ಆಕ್ಸ್‌ಬೋ, ಹೆಲ್ಸ್ ಕ್ಯಾನಿಯನ್ ಎಂಬ ಮೂರು ಅಣೆಕಟ್ಟುಗಳನ್ನು ಕ್ರಮವಾಗಿ ೧೯೫೮, ೧೯೬೧, ೧೯೬೭ರಲ್ಲಿ ಪೂರೈಸಿದರು. ಪ್ರೌಢ ಮೀನುಗಳನ್ನು ಕೆಳಗೆ ಹಿಡಿದು ಲಾರಿಯಲ್ಲಿ ಮೇಲಕ್ಕೆ ಒಯ್ಯುವುದು, ಇಳಿಯುವ ಮರಿಗಳನ್ನು ಬ್ರೌನ್‌ಲೀ ಜಲಾಶಯಕ್ಕೆ ಅಡ್ಡಲಾಗಿ ಕಟ್ಟಿದ ಭಾರಿ ಬಲೆಯಲ್ಲಿ ಕೂಡಿಸಿ ಕೆಳಗೆ ಸಾಗಿಸುವುದು ಎಂಬುದು ಯೋಜನೆಯಾಗಿತ್ತು. ೧೯೫೮ರ ಶರತ್ಕಾಲದಲ್ಲಿ ಆಕ್ಸ್‌ಬೋ ಕಾಮಗಾರಿಯ ಬಳಿ ಹಿಡಿಯುವ ಏರ್ಪಾಡು ಕೆಟ್ಟು ಸಾವಿರಾರು ಮೀನುಗಳು ಸತ್ತುವು. ಬಲೆಯೂ ಮರಿಗಳನ್ನು ಸಾಕಷ್ಟು ಕೂಡಿಸಲಾರದೆ ಹೋಯಿತು. ಕೆಲವೇ ವರ್ಷಗಳಲ್ಲಿ ಮೇಲಕ್ಕೆ ದಾಟಿಸುವ ಪ್ರಯತ್ನವನ್ನೇ ಬಿಟ್ಟು ಕೃತಕ ಉತ್ಪಾದನೆಯನ್ನು ನೆಚ್ಚಿಕೊಳ್ಳಲಾಯಿತು.

ಮೂರನೆಯ ಘಟ್ಟವೇ ಪ್ರಸ್ತುತ ವಿಮರ್ಶೆಯ ಕೇಂದ್ರ. ಕೆಳ ಸ್ನೇಕ್ ನದಿಯ ಮೇಲಿನ ನಾಲ್ಕು ಅಣೆಕಟ್ಟುಗಳಿಗೆ ಅಮೆರಿಕದ ಕಾಂಗ್ರೆಸ್ಸು ೧೯೪೫ರಲ್ಲಿ ಅನುಮತಿಯಿತ್ತಿತು. ಸೈನ್ಯದ ಎಂಜಿನಿಯರುಗಳ ದಳವು ಅವುಗಳನ್ನು ಕಟ್ಟಿತು. ಐಸ್ ಹಾರ್ಬರ್ ೧೯೬೦ರ ದಶಕದ ಆರಂಭದಲ್ಲಿಯೂ, ಲೋಯರ್ ಮಾನ್ಯುಮೆಂಟಲ್ ೧೯೬೯ರಲ್ಲಿಯೂ, ಲಿಟ್ಲ್ ಗೂಸ್ ೧೯೭೦ರಲ್ಲಿಯೂ, ಲೋಯರ್ ಗ್ರಾನಿಟ್ ೧೯೭೫ರಲ್ಲಿಯೂ ಸಿದ್ಧವಾದುವು. ಕೊಲಂಬಿಯಾ ನದಿಯ ಕೆಳಭಾಗದ ಮ್ಯಾಕ್‌ನೇರಿ, ಜಾನ್ ಡೇ, ಡಾಲ್ಸ್, ಬಾನ್‌ವಿಲ್ ಎಂಬ ನಾಲ್ಕನ್ನೂ ಸೇರಿಸಿದರೆ, ಸ್ನೇಕ್ ನದಿಯ ಮೇಲ್ಭಾಗದಿಂದ ಇಳಿಯುವ ಮರಿಗೆ ಎಂಟು ಕಟ್ಟೆಗಳು ಎದುರಾಗುತ್ತವೆ. ಈ ಎಂಟರಲ್ಲಿಯೂ ಏರುವ ಮೀನಿಗೆ ಏಣಿಗಳಿವೆ. ಇಳಿಯುವ ಮರಿಯ ಕಷ್ಟವೇ ಬೇರೆ: ಟರ್ಬೈನುಗಳಲ್ಲಿ ಕೆಲವು ಸಾಯುತ್ತವೆ, ನಿಂತ ನೀರಿನಲ್ಲಿ ಪಯಣ ನಿಧಾನವಾಗಿ ಕೆಲವು ದೊಡ್ಡ ಮೀನುಗಳಿಗೂ ಹಕ್ಕಿಗಳಿಗೂ ಬಲಿಯಾಗುತ್ತವೆ. ಕಟ್ಟೆಯ ಮೇಲಿಂದ ಧುಮುಕುವ ನೀರಿನಲ್ಲಿ ಗಾಳಿ ಅತಿಯಾಗಿ ಬೆರೆತು ಮೀನಿನ ರಕ್ತದಲ್ಲಿ ಗುಳ್ಳೆಯೇಳುವ ರೋಗವೂ ೧೯೬೦ರ ದಶಕದ ಕೊನೆಯಲ್ಲಿ ತೀವ್ರವಾಗಿ ಕಾಣಿಸಿಕೊಂಡಿತು.

ಆ ಸಂದರ್ಭದಲ್ಲಿಯೇ, ೧೯೬೮ರಲ್ಲಿ, ಐಸ್ ಹಾರ್ಬರ್ ಅಣೆಕಟ್ಟಿನಲ್ಲಿ ಮರಿಗಳನ್ನು ಕೂಡಿಸಿ ಲಾರಿಯಲ್ಲಿ ಬಾನ್‌ವಿಲ್ ಅಣೆಕಟ್ಟಿನ ಕೆಳಗೆ ಬಿಡುವ ಪ್ರಯೋಗಗಳು ಆರಂಭವಾದುವು. ಟರ್ಬೈನಿನ ಬಾಯಿಗೆ ಜಾಲರಿಯನ್ನಿಟ್ಟು, ಮರಿಗಳನ್ನು ಪಕ್ಕದ ಕಾಲುವೆಗೆ ತಿರುಗಿಸಿ, ತೊಟ್ಟಿಗಳಲ್ಲಿ ಸಂಗ್ರಹಿಸುವ ಏರ್ಪಾಡು ಕ್ರಮೇಣ ರೂಪುಗೊಂಡಿತು. ೧೯೭೭ರಲ್ಲಿ ಘೋರವಾದ ಅನಾವೃಷ್ಟಿ ಬಂದು ನದಿ ಸೊರಗಿದಾಗ ಲಾರಿಗಳೊಡನೆ ದೋಣಿಗಳನ್ನೂ ಬಳಸಿ ಲಕ್ಷಾಂತರ ಮರಿಗಳನ್ನು ಸಾಗಿಸಿದರು. ೧೯೮೧ರಿಂದ ಅದು ಎಂಜಿನಿಯರುಗಳ ದಳದ ಕ್ರಮಬದ್ಧ ವಾರ್ಷಿಕ ಕಾರ್ಯವಾಯಿತು. ಕೆಲವು ವರ್ಷಗಳಲ್ಲಿ ಹೀಗೆ ಸಾಗಿಸಿದ ಮರಿಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಲೋಯರ್ ಗ್ರಾನಿಟ್‌ನಿಂದ ಬಾನ್‌ವಿಲ್‌ವರೆಗಿನ ಸುಮಾರು ೨೮೫ ಮೈಲಿಗಳನ್ನು, ನದಿಯಲ್ಲಿ ವಾರಗಟ್ಟಲೆ ತೆಗೆದುಕೊಳ್ಳುವ ದಾರಿಯನ್ನು, ಮರಿಯು ನದಿಯ ನೀರನ್ನೇ ಪಂಪಿನಿಂದ ಹಾಯಿಸುತ್ತಿರುವ ದೋಣಿಯ ತೊಟ್ಟಿಯಲ್ಲಿ ಎರಡು ದಿನಗಳೊಳಗೆ ಕ್ರಮಿಸುತ್ತದೆ.

೩

ಈ ಚರಿತ್ರೆಯನ್ನು ನಾಲ್ವರು ಗ್ರಂಥಕರ್ತರು ನಾಲ್ಕು ನೆಲೆಗಳಿಂದ ನೋಡಿದ್ದಾರೆ.

ಮಿಗೆಟೊ ಮತ್ತು ಎಬೆಲ್ ಅವರ ಗ್ರಂಥವನ್ನು ಸಿದ್ಧಪಡಿಸಿದುದು ಎಂಜಿನಿಯರುಗಳ ದಳಕ್ಕಾಗಿ. ದಳವು ಮೀನುಗಳ ರಕ್ಷಣೆಗೆ ಕೈಗೊಂಡ ಪ್ರಯತ್ನಗಳ ಚರಿತ್ರೆಯೆಂದು ಉಪಶೀರ್ಷಿಕೆಯೇ ಸಾರುತ್ತದೆ. ಏಣಿ, ಜಾಲರಿ, ಕಾಲುವೆ, ದೋಣಿ ಇವುಗಳ ವಿಕಾಸವನ್ನು ಸರ್ಕಾರಿ ದಾಖಲೆಗಳ ಆಧಾರದಿಂದ ಕ್ರಮವಾಗಿ ತಿಳಿಯಬೇಕೆನ್ನುವವರು ಈ ಗ್ರಂಥವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಇದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಎಬೆಲ್ ಅವರೇ ಗಾಳಿಗುಳ್ಳೆಯ ರೋಗವನ್ನೂ ಸಾಗಾಣಿಕೆಯನ್ನೂ ಕುರಿತ ಮೂಲ ಪ್ರಯೋಗಗಳಲ್ಲಿ ಪ್ರಮುಖರಾಗಿದ್ದ ವಿಜ್ಞಾನಿಗಳು. ಸ್ವತಃ ಪಾತ್ರಧಾರಿಯಾದವನು ಚರಿತ್ರೆ ಬರೆಯಬಾರದೆಂಬ ನಿಯಮವೇನೂ ಇಲ್ಲ. ಬರೆದರೆ ಅನೇಕ ಸೂಕ್ಷ್ಮ ಸಂಗತಿಗಳು ಉಳಿಯುತ್ತವೆ. ಆದರೂ ಅಂತಹ ಗ್ರಂಥದಲ್ಲಿ ಯಾವ ಪ್ರಶ್ನೆಗಳು ಏಳುತ್ತವೆ, ಯಾವುವು ಏಳುವುದೇ ಇಲ್ಲ ಎಂಬುದನ್ನು ವಿಮರ್ಶಕನು ಗಮನಿಸಲೇಬೇಕು. 'ಏನೇನು ಪ್ರಯತ್ನ ನಡೆಯಿತು' ಎಂದು ಕೇಳುವ ಚರಿತ್ರೆಗೆ 'ಇಷ್ಟೆಲ್ಲ ನಡೆಯಿತು' ಎಂಬುದೇ ಉತ್ತರವಾಗಿ ದೊರೆಯುತ್ತದೆ. ಪ್ರಯತ್ನದ ಪ್ರಾಮಾಣಿಕತೆಯನ್ನು ಸಂದೇಹಿಸಲು ಕಾರಣವಿಲ್ಲ. ಪ್ರಯತ್ನದ ಗುರಿ ಸರಿಯಾಗಿತ್ತೇ ಎಂಬುದು ಬೇರೆ ಪ್ರಶ್ನೆ.

ಪೀಟರ್ಸನ್ ಅವರ ಗ್ರಂಥದ ಬಲವಿರುವುದು ರಾಜಕೀಯ ಚರಿತ್ರೆಯಲ್ಲಿ. ಕೆಳ ಸ್ನೇಕ್ ಅಣೆಕಟ್ಟುಗಳು ಕೇವಲ ವಿದ್ಯುತ್ತಿಗಾಗಿ ಹುಟ್ಟಿದುವಲ್ಲ. ಕಡಲಿನಿಂದ ೪೬೫ ಮೈಲಿ ಒಳಗಿರುವ ಐಡಾಹೊ ರಾಜ್ಯದ ಲೂಯಿಸ್ಟನ್ ಪಟ್ಟಣವನ್ನು ಬಂದರನ್ನಾಗಿಸಬೇಕೆಂಬ ಒಳನಾಡಿನ ವರ್ತಕರ ಮತ್ತು ಕೃಷಿಕರ ದೀರ್ಘಕಾಲದ ಆಸೆಯೇ ಅವುಗಳ ಹಿಂದಿನ ಮುಖ್ಯ ಪ್ರೇರಣೆ ಎಂಬುದು ಈ ಗ್ರಂಥದಿಂದ ಸ್ಪಷ್ಟವಾಗುತ್ತದೆ. ಇದರಿಂದ ಹೊರಡುವ ತೀರ್ಮಾನವೊಂದನ್ನು ಇಲ್ಲಿ ಎತ್ತಿ ಹೇಳುವುದು ಯುಕ್ತ. ಗೋಧಿಯ ದೋಣಿಗಳು ಕಡಲಿಗೆ ಇಳಿಯಲೆಂದು ಹರಿವ ನದಿಯನ್ನು ಜಲಾಶಯಗಳ ಮೆಟ್ಟಲುಸಾಲನ್ನಾಗಿ ಮಾಡಲಾಯಿತು. ಹಾಗೆ ಮಾಡಿದುದರಿಂದಲೇ ಮೀನು ತಾನಾಗಿ ಇಳಿಯುವುದು ದುಸ್ತರವಾಯಿತು. ಕೊನೆಗೆ ಗೋಧಿ ಹೋಗುವ ಅದೇ ಜಲಮಾರ್ಗದಲ್ಲಿ, ಅದೇ ಹಡಗುಬಾಗಿಲುಗಳ ಮೂಲಕ, ಮೀನೂ ಸರಕಾಗಿ ಹೋಗಬೇಕಾಯಿತು. ಮೀನಿನ ಸಾಗಾಣಿಕೆಯನ್ನು ಮತ್ಸ್ಯವಿಜ್ಞಾನದ ಅಧ್ಯಾಯವೆಂದು ಮಾತ್ರ ಎಣಿಸದೆ ಒಳನಾಡಿನ ನೌಕಾಸಾರಿಗೆಯ ಚರಿತ್ರೆಯ ಅಧ್ಯಾಯವೆಂದೂ ಎಣಿಸಬೇಕಾಗಿದೆ.

ಪೀಟರ್ಸನ್ ಅವರು ಶೀರ್ಷಿಕೆಯಲ್ಲಿಯೇ ನದಿಯ ಮರಣವನ್ನು ಸೂಚಿಸಿದರೆ, ಅದೇ ವರ್ಷ ಗ್ರಂಥ ಪ್ರಕಟಿಸಿದ ವೈಟ್ ಅವರಿಗೆ ನದಿ ಸತ್ತಿತೆಂಬ ಮಾತು ಒಪ್ಪಿಗೆಯಿಲ್ಲ. ನದಿಯೂ ಮೀನೂ ಮನುಷ್ಯರೂ ಶಕ್ತಿಯನ್ನು ವ್ಯಯಿಸಿ ದುಡಿಯುವವರೇ. ಮನುಷ್ಯನು ನಿಸರ್ಗವನ್ನು ಅರಿತುದು ದುಡಿಮೆಯ ಮೂಲಕವೇ. ಅಣೆಕಟ್ಟುಗಳಿಂದ ಕಟ್ಟುಪಟ್ಟ ಕೊಲಂಬಿಯಾ ಯಂತ್ರವೂ ಹೌದು, ಜೀವಿಯೂ ಹೌದು ಎಂಬುದು ಅವರ ಸಿದ್ಧಾಂತ. ಗಾತ್ರದಲ್ಲಿ ಚಿಕ್ಕದಾದರೂ ವಿಚಾರಪ್ರಚೋದನೆಯಲ್ಲಿ ನಾಲ್ಕರಲ್ಲಿ ಇದೇ ಮಿಗಿಲು. ಸಾಗಾಣಿಕೆಗೆ ಈ ಪರಿಕಲ್ಪನೆಯನ್ನು ಅನ್ವಯಿಸಿದರೆ ಒಂದು ಲಾಭವೂ ಒಂದು ನಷ್ಟವೂ ಕಾಣುತ್ತದೆ. ದೋಣಿಯಲ್ಲಿರುವ ಮೀನನ್ನು 'ಕೃತಕ', ನದಿಯಲ್ಲಿರುವುದನ್ನು 'ಸಹಜ' ಎಂದು ಸುಲಭವಾಗಿ ವಿಂಗಡಿಸುವಂತಿಲ್ಲವೆಂದು ತಿಳಿಯುವುದು ಲಾಭ. ಏಕೆಂದರೆ ಜಲಾಶಯಗಳ ಸಾಲಾಗಿರುವ ನದಿಯೂ ಮನುಷ್ಯನಿರ್ಮಿತವೇ. ಎಲ್ಲವೂ ಮಿಶ್ರವೇ ಎಂದ ಮೇಲೆ, ಮಿಶ್ರಣದ ವೆಚ್ಚವನ್ನು ಯಾರು ತೆತ್ತರು, ಪ್ರಮಾಣವನ್ನು ಯಾರು ನಿರ್ಧರಿಸಿದರು ಎಂಬ ಪ್ರಶ್ನೆಯ ಹರಿತ ಕಡಿಮೆಯಾಗುವುದು ನಷ್ಟ.

ಟೇಲರ್ ಅವರ ಗ್ರಂಥದ ಭಾರವೆಲ್ಲ ಮತ್ಸ್ಯೋತ್ಪಾದನಾ ಕೇಂದ್ರಗಳ ಮೇಲಿದೆ. ಅಮೆರಿಕದ ಮೀನುಗಾರಿಕೆ ಆಯೋಗದ ಮುಖ್ಯಸ್ಥ ಸ್ಪೆನ್ಸರ್ ಬೇರ್ಡ್ ೧೮೭೫ರಲ್ಲಿಯೇ, ಹಿಡಿಯುವವರನ್ನು ಕಾನೂನಿನಿಂದ ನಿಯಂತ್ರಿಸುವುದಕ್ಕಿಂತ ಮೀನನ್ನು ಕೃತಕವಾಗಿ ಹೆಚ್ಚಿಸುವುದೇ ಮೇಲೆಂದು ಸಲಹೆಯಿತ್ತಿದ್ದನು. ಸಮಾಜದ ಯಾವ ವರ್ಗವನ್ನೂ ನೋಯಿಸದೆ, ಯಾರ ಹಿತಕ್ಕೂ ಕೈಹಚ್ಚದೆ, ತಂತ್ರವೊಂದರಿಂದಲೇ ಬಿಕ್ಕಟ್ಟನ್ನು ನೀಗಬಹುದೆಂಬ ನಂಬಿಕೆ ಹೇಗೆ ಬೇರೂರಿತು ಎಂಬುದನ್ನು ಟೇಲರ್ ಸಾಧಾರವಾಗಿ ತೋರಿಸಿದ್ದಾರೆ. ಮೀನಿನ ಕ್ಷಯಕ್ಕೆ ಒಬ್ಬನೇ ಖಳನನ್ನು ಹುಡುಕುವ ಸರಳ ಕಥೆಗಳನ್ನೂ ಅವರು ಖಂಡಿಸುತ್ತಾರೆ. ದೋಣಿ ಸಾಗಾಣಿಕೆಯನ್ನು ಅರಿಯುವುದಕ್ಕೆ ಅವರ ಸೂತ್ರವೇ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವೆಂದು ಪ್ರಸ್ತುತ ಲೇಖಕನ ಮತ. ಉತ್ಪಾದನಾ ಕೇಂದ್ರವು ಬಲೆಗಾರರನ್ನು ನಿಯಂತ್ರಿಸುವ ಕಷ್ಟವನ್ನು ತಪ್ಪಿಸಿದಂತೆ, ದೋಣಿಯು ಅಣೆಕಟ್ಟಿನ ನೀರನ್ನೂ ವಿದ್ಯುತ್ತನ್ನೂ ಹಂಚಿಕೊಳ್ಳುವ ಕಷ್ಟವನ್ನು ತಪ್ಪಿಸಿತು. ಮರಿಗಳು ದೋಣಿಯಲ್ಲಿ ಹೋಗುವುದಾದರೆ ಟರ್ಬೈನನ್ನು ಬಿಟ್ಟು ಕಟ್ಟೆಯ ಮೇಲಿಂದ ನೀರು ಹರಿಯಿಸುವ ಅಗತ್ಯ ಅಷ್ಟರಮಟ್ಟಿಗೆ ಇಳಿಯುತ್ತದೆ.

೪

ಇನ್ನು ಅಳತೆಗೋಲಿನ ವಿಚಾರ. ಸಾಗಾಣಿಕೆ ಫಲಕಾರಿಯೇ ಎಂದು ನಿರ್ಣಯಿಸಲು ವಿಜ್ಞಾನಿಗಳು ಅನುಸರಿಸಿದ ಕ್ರಮ ಇದು: ಗುರುತು ಹಾಕಿದ ಮರಿಗಳ ಒಂದು ಗುಂಪನ್ನು ದೋಣಿಯಲ್ಲಿ ಸಾಗಿಸುವುದು, ಇನ್ನೊಂದನ್ನು ನದಿಯಲ್ಲಿಯೇ ಬಿಡುವುದು, ವರ್ಷಗಳ ಮೇಲೆ ಪ್ರೌಢವಾಗಿ ಹಿಂದಿರುಗಿದ ಮೀನುಗಳನ್ನು ಎಣಿಸಿ, ಮೊದಲ ಗುಂಪಿನ ಪ್ರಮಾಣವನ್ನು ಎರಡನೆಯದರಿಂದ ಭಾಗಿಸುವುದು. ಭಾಗಲಬ್ಧ ಒಂದಕ್ಕಿಂತ ಹೆಚ್ಚಾದರೆ ಸಾಗಾಣಿಕೆ ಲಾಭಕರವೆಂದು ತೀರ್ಮಾನ. ಪ್ರಯೋಗದ ದೃಷ್ಟಿಯಿಂದ ಈ ಕ್ರಮ ನಿರ್ದುಷ್ಟವಾಗಿ ತೋರುತ್ತದೆ. ಆದರೆ ಇದರ ಸ್ವಭಾವವನ್ನು ಒಂದು ಕಲ್ಪಿತ ಲೆಕ್ಕದಿಂದ ಪರೀಕ್ಷಿಸಬಹುದು.

ಸಾಗಿಸಿದ ಸಾವಿರ ಮರಿಗಳಲ್ಲಿ ೧೦, ನದಿಯಲ್ಲಿ ಬಿಟ್ಟ ಸಾವಿರದಲ್ಲಿ ೫ ಹಿಂದಿರುಗಿದುವೆಂದು ಇಟ್ಟುಕೊಳ್ಳೋಣ, ಅನುಪಾತ ೨. ಮುಂದಿನ ವರ್ಷ ನದಿ ಇನ್ನಷ್ಟು ಕೆಟ್ಟು, ಸಾಗಿಸಿದವುಗಳಲ್ಲಿ ೧೦ರ ಬದಲು ೮, ನದಿಯವುಗಳಲ್ಲಿ ೫ರ ಬದಲು ೨ ಮಾತ್ರ ಬಂದುವೆನ್ನೋಣ; ಅನುಪಾತ ೪ ಆಗುತ್ತದೆ. ಎರಡು ಗುಂಪಿನಲ್ಲಿಯೂ ಮೀನು ಕಡಿಮೆಯಾಯಿತು. ಆದರೂ ಸಾಗಾಣಿಕೆಯ ಯಶಸ್ಸು ಇಮ್ಮಡಿಸಿತೆಂದು ಕಾಗದದ ಮೇಲೆ ಕಾಣುತ್ತದೆ. ನದಿ ಕೆಟ್ಟಷ್ಟೂ ದೋಣಿ ಶ್ರೇಷ್ಠವಾಗಿ ತೋರುವ ಅಳತೆ ಇದು. ಅಣೆಕಟ್ಟಿನಿಂದ ಹಾಳಾದ ನದಿಯನ್ನು ಇದು ಪರೀಕ್ಷಿಸುವುದಿಲ್ಲ. ಅದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಸ್ಥಿರವಾದ ಬೊಟ್ಟಾಗಿ ಇಟ್ಟುಬಿಡುತ್ತದೆ. ಹೀಗೆ 'ಮೀನಿಗೆ ಎಂತಹ ನದಿ ಬೇಕು' ಎಂಬ ಹಳೆಯ ಪ್ರಶ್ನೆಯ ಸ್ಥಾನದಲ್ಲಿ 'ಇಂತಹ ನದಿಗಿಂತ ದೋಣಿ ಮೇಲೇ' ಎಂಬ ಹೊಸ ಪ್ರಶ್ನೆ ಬಂದು ಕುಳಿತಿತು.

ಈ ದೋಷವನ್ನು ಹೊರಗಿನವರು ಮಾತ್ರವಲ್ಲ, ವಿಜ್ಞಾನಿಗಳೂ ಕ್ರಮೇಣ ಗುರುತಿಸಿದರೆಂಬುದನ್ನು ನ್ಯಾಯವಾಗಿ ಹೇಳಬೇಕು. ಆರಂಭದ ಪ್ರಯೋಗಗಳಲ್ಲಿ ನದಿಯಲ್ಲಿ ಬಿಟ್ಟ ಗುಂಪನ್ನೂ ಜಾಲರಿಯಿಂದ ಹಿಡಿದು, ಗುರುತು ಹಾಕಿ, ತಿರುಗಿ ಬಿಡುತ್ತಿದ್ದರು. ಯಾವ ಕೈಯೂ ತಾಕದೆ ಇಳಿದ ಮರಿಗೆ ಅದು ಪ್ರತಿನಿಧಿಯಾಗಲಾರದು. ೧೯೮೭ರಿಂದ ಮರಿಯ ದೇಹದೊಳಗೆ ಇಡುವ ಸೂಕ್ಷ್ಮ ವಿದ್ಯುನ್ಮಾನ ಗುರುತು ಬಳಕೆಗೆ ಬಂದ ಮೇಲೆ ಹೆಚ್ಚು ನಿಖರವಾದ ಹೋಲಿಕೆ ಸಾಧ್ಯವಾಯಿತು. ಆಗ ಇನ್ನೊಂದು ಸಂಗತಿ ಹೊರಬಿತ್ತು. ದೋಣಿಯ ಪಯಣದಲ್ಲಿ ಶೇಕಡ ೯೮ರಷ್ಟು ಮರಿಗಳು ಬದುಕುತ್ತವೆಂದು ಲೆಕ್ಕಗಳಲ್ಲಿ ಹಿಡಿಯುವುದು ವಾಡಿಕೆ. ಆದರೆ ಬಿಟ್ಟ ಮೇಲೆ, ನದೀಮುಖದಲ್ಲಿಯೂ ಕಡಲಿನಲ್ಲಿಯೂ, ದೋಣಿಯಲ್ಲಿ ಬಂದ ಮರಿಗಳು ತಾವಾಗಿ ಇಳಿದು ಅಲ್ಲಿಯವರೆಗೆ ಬದುಕಿ ಬಂದ ಮರಿಗಳಿಗಿಂತ ಹೆಚ್ಚಾಗಿ ಸಾಯುವುದು ಅನೇಕ ವರ್ಷಗಳಲ್ಲಿ ಕಂಡುಬಂದಿದೆ. ಸಾವು ತಪ್ಪಲಿಲ್ಲ, ಬಹುಪಾಲು ಎಣಿಕೆಯ ಎಲ್ಲೆಯಾಚೆಗೆ ಸರಿಯಿತು. ಋತುವಿನ ಆರಂಭದಲ್ಲಿ ಸಾಗಿಸಿದರೆ ಲಾಭ ಕಡಿಮೆ, ತಡವಾಗಿ ಸಾಗಿಸಿದರೆ ಹೆಚ್ಚು. ಸ್ಟೀಲ್‌ಹೆಡ್ಡಿಗೆ ಹೆಚ್ಚು, ಕಾಡಿನಲ್ಲಿ ಹುಟ್ಟಿದ ಚಿನೂಕ್ ಸಾಲ್ಮನ್ನಿಗೆ ಅಷ್ಟಾಗಿ ಇಲ್ಲ ಎಂಬ ವ್ಯತ್ಯಾಸಗಳೂ ಸ್ಪಷ್ಟವಾದುವು.

ಇದಕ್ಕಿಂತ ಮಾರ್ಮಿಕವಾದುದು ದಾರಿ ತಪ್ಪುವಿಕೆ. ದೋಣಿಯಲ್ಲಿ ಇಳಿದ ಮೀನು ಪ್ರೌಢವಾಗಿ ಏರುವಾಗ ತನ್ನ ತೊರೆಯನ್ನು ಬಿಟ್ಟು ಡೆಶೂಟ್ಸ್, ಜಾನ್ ಡೇ ಮೊದಲಾದ ಪರನದಿಗಳಿಗೆ ಹೊಕ್ಕುವುದು ಹೆಚ್ಚು. ಇಳಿಯುವಾಗಲೇ ದಾರಿಯನ್ನು ಕಲಿಯುವ ಪ್ರಾಣಿಗೆ ದಾರಿಯನ್ನೇ ಕತ್ತರಿಸಿ ತಲಪಬೇಕಾದ ಸ್ಥಳವನ್ನು ಮಾತ್ರ ಕೊಟ್ಟರೆ ಆಗುವುದು ಇದೇ. ಅದು ಹೊಕ್ಕ ನದಿಯ ಸ್ವಂತ ತಳಿಗೂ ಇದರಿಂದ ಬಾಧೆ ತಪ್ಪದು. ಅನುಪಾತದಲ್ಲಿ ಈ ನಷ್ಟಕ್ಕೆ ಸ್ಥಳವಿಲ್ಲ.

ಬೇರೆ ಅಳತೆಯೂ ಇದೆ. ಇಳಿದ ನೂರು ಮರಿಗಳಲ್ಲಿ ಎಷ್ಟು ಪ್ರೌಢವಾಗಿ ಹಿಂದಿರುಗಿದುವು ಎಂದು ನೇರವಾಗಿ ಕೇಳಬಹುದು. ಆ ಪ್ರಾಂತದ ವಿದ್ಯುತ್ ಮತ್ತು ಸಂರಕ್ಷಣಾ ಮಂಡಲಿಯು ಇದಕ್ಕೆ ೨ರಿಂದ ೬, ಸರಾಸರಿ ೪ ಎಂಬ ಗುರಿಯನ್ನಿಟ್ಟಿದೆ. ಸ್ನೇಕ್ ನದಿಯ ಕಾಡು ಚಿನೂಕ್ ಮೀನಿನ ಪ್ರಮಾಣ ಹೆಚ್ಚಿನ ವರ್ಷಗಳಲ್ಲಿ ೨ಕ್ಕಿಂತ ಕೆಳಗೇ ಉಳಿದಿದೆ. ಅನುಪಾತದ ಪ್ರಕಾರ ಯಶಸ್ಸು, ಗುರಿಯ ಪ್ರಕಾರ ವೈಫಲ್ಯ: ಒಂದೇ ವರ್ಷದ ಒಂದೇ ಮೀನಿನ ವಿಷಯದಲ್ಲಿ ಎರಡೂ ಸತ್ಯವಾಗಬಹುದು. ಯಾವುದನ್ನು ಹಿಡಿದು ಚರಿತ್ರೆ ಬರೆಯಬೇಕೆಂಬುದು ವಿಜ್ಞಾನವೊಂದೇ ತೀರ್ಮಾನಿಸಬಲ್ಲ ವಿಷಯವಲ್ಲ.

೫

ಇಷ್ಟು ಹೇಳಿದ ಮಾತ್ರಕ್ಕೆ ದೋಣಿ ಹಾಕಿದವರು ಅವಿವೇಕಿಗಳೆಂದು ತಿಳಿಯಬಾರದು. ೧೯೭೭ರ ಅನಾವೃಷ್ಟಿಯಲ್ಲಿ ನದಿಯಲ್ಲಿ ಉಳಿದ ಮರಿಗಳು ಬಹುಮಟ್ಟಿಗೆ ನಾಶವಾದುವು. ೨೦೦೧ರ ಬರದಲ್ಲಿಯೂ ನದಿಯ ಪಯಣ ಅತಿ ದುಸ್ತರವಾಗಿದ್ದಿತು. ಅಂತಹ ವರ್ಷಗಳಲ್ಲಿ ದೋಣಿಯಿಲ್ಲದಿದ್ದರೆ ನಷ್ಟ ಇನ್ನೂ ಹೆಚ್ಚಾಗುತ್ತಿದ್ದುದರಲ್ಲಿ ಸಂದೇಹವಿಲ್ಲ. ೨೦೧೫ರ ಬೇಸಗೆಯಲ್ಲಿ ಕೊಲಂಬಿಯಾದ ನೀರು ಅತಿಯಾಗಿ ಕಾದು ಏರುತ್ತಿದ್ದ ಸಾಕೈ ಸಾಲ್ಮನ್ನುಗಳು ಭಾರಿ ಸಂಖ್ಯೆಯಲ್ಲಿ ಸತ್ತಾಗ, ಬದುಕಿದ ಕೆಲವನ್ನು ಲೋಯರ್ ಗ್ರಾನಿಟ್‌ನಲ್ಲಿ ಹಿಡಿದು ಐಡಾಹೊದ ಉತ್ಪಾದನಾ ಕೇಂದ್ರಕ್ಕೆ ಲಾರಿಯಲ್ಲಿ ಒಯ್ದು ತಳಿಯನ್ನು ಉಳಿಸಿದರು. ೧೯೯೨ರಲ್ಲಿ ಕಡಲಿನಿಂದ ಸುಮಾರು ೯೦೦ ಮೈಲಿ ದೂರದ ರೆಡ್‌ಫಿಷ್ ಸರೋವರಕ್ಕೆ ಒಂದೇ ಒಂದು ಸಾಕೈ ಮೀನು ಹಿಂದಿರುಗಿತ್ತೆಂಬುದನ್ನು ನೆನೆದರೆ ಇಂತಹ ತುರ್ತು ಕಾರ್ಯದ ಬೆಲೆ ತಿಳಿಯುತ್ತದೆ. ತುರ್ತು ಉಪಾಯವು ನಿತ್ಯದ ವ್ಯವಸ್ಥೆಯಾದುದು, ವ್ಯವಸ್ಥೆಯಾದ ಮೇಲೆ ಅದೇ ಪರಿಹಾರವೆನಿಸಿದುದು ವಿಮರ್ಶೆಗೆ ಒಳಪಡಬೇಕಾದ ವಿಷಯ.

ಈ ವಿಮರ್ಶೆಗೆ ನೈತಿಕವಾದ ಆಧಾರವೊಂದಿದೆ. ೧೮೫೫ರ ಒಪ್ಪಂದಗಳಲ್ಲಿ ನೆಜ್ ಪರ್ಸ್, ಯಾಕಮ, ಉಮಟಿಲ್ಲ, ವಾರ್ಮ್ ಸ್ಪ್ರಿಂಗ್ಸ್ ಜನರು ವಿಶಾಲವಾದ ಭೂಪ್ರದೇಶವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ತಮ್ಮ ರೂಢಿಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಅಂತಹ ಸ್ಥಳಗಳಲ್ಲಿ ಶ್ರೇಷ್ಠವಾದ ಸೆಲೈಲೊ ಜಲಪಾತವು ೧೯೫೭ರ ಮಾರ್ಚ್ ೧೦ರಂದು ಡಾಲ್ಸ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಹಕ್ಕಿನ ನಿಜವಾದ ಅರ್ಥವನ್ನು ನ್ಯಾಯಾಲಯಗಳು ೧೯೬೯ರಲ್ಲಿಯೂ ೧೯೭೪ರಲ್ಲಿಯೂ ಎತ್ತಿಹಿಡಿದುವು. ಈ ನಾಲ್ಕು ಜನಾಂಗಗಳು ೧೯೭೭ರಲ್ಲಿ ತಮ್ಮದೇ ಮೀನುಗಾರಿಕೆ ಆಯೋಗವನ್ನು ಕಟ್ಟಿಕೊಂಡುವು. ಮೀನು ನದಿಯಲ್ಲಿಯೇ ಇಳಿಯುವಂತಾಗಬೇಕೆಂಬುದು ಆ ಆಯೋಗದ ನಿಲುವು. ಒಪ್ಪಂದ ಮಾಡಿಕೊಂಡವರು ಕೇಳಿದುದು ಮೀನಿನ ಸರಾಸರಿಯನ್ನಲ್ಲ, ತಮ್ಮ ನದಿಗಳಿಗೆ ಬರುವ ಮೀನನ್ನು. ಸಾಗಾಣಿಕೆಯ ಅನುಪಾತಕ್ಕೆ ಉತ್ತರ ಹೇಳಿದ ಮಾತ್ರಕ್ಕೆ ಆ ಮಾತಿಗೆ ಉತ್ತರ ಹೇಳಿದಂತಾಗುವುದಿಲ್ಲ. ಸರ್ಕಾರಿ ಯೋಜನೆಗಳನ್ನು ೧೯೯೪ರಿಂದ ಅನೇಕ ಸಲ ನ್ಯಾಯಾಲಯಗಳು ತಿರಸ್ಕರಿಸಿವೆ. ೨೦೦೫ರಲ್ಲಿ ಕಟ್ಟೆಗಳ ಮೇಲಿಂದ ಹೆಚ್ಚು ನೀರು ಹರಿಯಬಿಡಬೇಕೆಂದು ಆಜ್ಞೆಯಾದ ಮೇಲೆ ದೋಣಿಯಲ್ಲಿ ಸಾಗುವ ಮರಿಗಳ ಪಾಲು ಇಳಿಯಿತು. ೨೦೨೩ರ ಡಿಸೆಂಬರಿನಲ್ಲಿ ಆದ ರಾಜಿಯನ್ನು ೨೦೨೫ರ ಜೂನಿನಲ್ಲಿ ಕೇಂದ್ರ ಸರ್ಕಾರವು ಹಿಂದೆಗೆದುಕೊಂಡಿತು. ನಾಲ್ಕು ಗ್ರಂಥಗಳೂ ಈ ಘಟನೆಗಳಲ್ಲಿ ಬಹುಪಾಲಿಗೆ ಮೊದಲಿನವಾದುದರಿಂದ, ಅವುಗಳನ್ನು ಈಗ ಓದುವವರು ಈ ಉತ್ತರಕಾಂಡವನ್ನು ಸೇರಿಸಿಕೊಂಡು ಓದಬೇಕು.

ಲಾರಿಯೇ ದೋಷವಲ್ಲವೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. ೨೦೧೯ರ ಆಗಸ್ಟಿನಲ್ಲಿ ಕೋಲ್ವಿಲ್ ಬುಡಕಟ್ಟುಗಳ ಒಕ್ಕೂಟದವರು ಪ್ರೌಢ ಚಿನೂಕ್ ಮೀನುಗಳನ್ನು ಲಾರಿಯಲ್ಲಿ ತಂದು ಗ್ರಾಂಡ್ ಕೂಲಿ ಅಣೆಕಟ್ಟಿನ ಮೇಲ್ಭಾಗದ ನೀರಿನಲ್ಲಿ ಬಿಟ್ಟರು. ೧೯೩೯ರ ಲಾರಿ ಮೀನನ್ನು ಊರು ಬಿಡಿಸಿತು. ೨೦೧೯ರ ಲಾರಿ ಊರಿಗೆ ಕರೆತಂದಿತು. ಸಾಧನವೊಂದೇ, ಕೈ ಬೇರೆ, ಸಂಕಲ್ಪ ಬೇರೆ. ಎರಡನ್ನೂ ಒಂದೇ ಅನುಪಾತದಿಂದ ಅಳೆದರೆ ಚರಿತ್ರೆಯಲ್ಲಿ ಮುಖ್ಯವಾದುದೇ ಬಿಟ್ಟುಹೋಗುತ್ತದೆ.

೬

ಈ ವಿಚಾರ ನಮಗೆ ಪರಕೀಯವಾದುದಲ್ಲ. ೧೯೩೪ರಲ್ಲಿ ಕಾವೇರಿಗೆ ಅಡ್ಡಲಾಗಿ ಮೆಟ್ಟೂರು ಅಣೆಕಟ್ಟು ಸಿದ್ಧವಾದಾಗ ಕಡಲಿನಿಂದ ಏರಿ ಬರುತ್ತಿದ್ದ ಹಿಲ್ಸ ಮೀನಿನ ಮೇಲ್ದಾರಿ ಮುಚ್ಚಿತು. ೧೯೭೫ರಲ್ಲಿ ಕಾರ್ಯಾರಂಭ ಮಾಡಿದ ಫರಕ್ಕಾ ಕಟ್ಟೆಯಿಂದ, ಅಲಹಾಬಾದಿನವರೆಗೂ ಹೋಗುತ್ತಿದ್ದ ಗಂಗೆಯ ಹಿಲ್ಸ ಮೀನಿಗೂ ಅದೇ ಗತಿಯಾಯಿತು. ಇತ್ತೀಚಿನ ವರ್ಷಗಳಲ್ಲಿ ಕೇಂದ್ರದ ಒಳನಾಡು ಮೀನುಗಾರಿಕೆ ಸಂಶೋಧನಾಲಯದವರು ಫರಕ್ಕಾದ ಕೆಳಗೆ ಹಿಲ್ಸವನ್ನು ಹಿಡಿದು, ಕೆಲವಕ್ಕೆ ಗುರುತು ಹಾಕಿ, ಕಟ್ಟೆಯ ಮೇಲ್ಭಾಗದಲ್ಲಿ ಬಿಡುತ್ತಿದ್ದಾರೆ. ಶ್ಲಾಘ್ಯವಾದ ಈ ಕಾರ್ಯದ ಚರಿತ್ರೆಯೂ ಮುಂದೊಂದು ದಿನ ಬರೆಯಲ್ಪಡುವುದು. ಆಗ ಎಷ್ಟು ಮೀನು ಬಿಟ್ಟರೆಂಬ ಲೆಕ್ಕವು ದಾಖಲೆಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಬಿಟ್ಟ ಮೀನು ಎಲ್ಲಿ ಮೊಟ್ಟೆಯಿಟ್ಟಿತು, ಅದರ ಮರಿ ಯಾವ ದಾರಿಯಿಂದ ಕಡಲಿಗೆ ಇಳಿಯಿತು, ಮೇಲ್ದಂಡೆಯ ಬೆಸ್ತನ ಬಲೆಗೆ ಏನಾದರೂ ಬಂದಿತೇ ಎಂಬ ಪ್ರಶ್ನೆಗಳನ್ನು ಬರೆಯುವವನೇ ಎತ್ತಬೇಕಾಗುತ್ತದೆ.

ಒಟ್ಟಿನಲ್ಲಿ, ಮಿಗೆಟೊ ಮತ್ತು ಎಬೆಲ್ ಅವರಿಂದ ಸಂಗತಿಗಳನ್ನೂ, ಪೀಟರ್ಸನ್ ಅವರಿಂದ ರಾಜಕೀಯ ಕಾರಣಗಳನ್ನೂ, ವೈಟ್ ಅವರಿಂದ ಸುಲಭ ವಿಂಗಡಣೆಗಳ ಬಗ್ಗೆ ಎಚ್ಚರವನ್ನೂ, ಟೇಲರ್ ಅವರಿಂದ ವಿವರಣೆಯ ಸೂತ್ರವನ್ನೂ ನಾವು ಪಡೆಯಬಹುದು. ಅಳತೆಗೋಲಿನ ಚರಿತ್ರೆಯನ್ನು ಮಾತ್ರ ಯಾರೂ ಪೂರ್ಣವಾಗಿ ಬರೆದಿಲ್ಲ. ಯಾವ ವರ್ಷ, ಯಾವ ಕಚೇರಿಯಲ್ಲಿ, ಯಾವುದನ್ನು ಯಾವುದರೊಡನೆ ಹೋಲಿಸಬೇಕೆಂದು ನಿಶ್ಚಯವಾಯಿತು, ಆ ನಿಶ್ಚಯದಿಂದ ಯಾರ ಮಾತು ಲೆಕ್ಕದಿಂದ ಹೊರಗುಳಿಯಿತು ಎಂಬುದನ್ನು ದಾಖಲೆಗಳಿಂದ ನಿರೂಪಿಸುವ ಕಾರ್ಯ ಇನ್ನೂ ಉಳಿದಿದೆ. ಅಂಕಿಅಂಶಗಳನ್ನು ವಿಜ್ಞಾನಿಗಳಿಂದ ಸಿದ್ಧವಾಗಿ ಪಡೆದುಕೊಂಡು ಕಥೆ ಹೆಣೆಯುವುದಷ್ಟೇ ಇತಿಹಾಸಕಾರನ ಕರ್ತವ್ಯವಲ್ಲ. ಆ ಅಂಕಿಗಳು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುವೆಂದು ವಿಚಾರಿಸುವುದೂ ಅವನ ಕರ್ತವ್ಯವೇ. ಅಣೆಕಟ್ಟುಗಳ ಚರಿತ್ರೆಯನ್ನು ಬರೆಯಲು ತೊಡಗಿರುವ ನಮ್ಮ ನಾಡಿನ ಸಂಶೋಧಕರು ಈ ಅಂಶದ ಕಡೆ ಲಕ್ಷ್ಯ ಕೊಡುವರೆಂದು ಆಶಿಸಬಹುದು.